ಕಳಲೆ ಮಕ್ಕಳ ಅಂಗಿ

ಕೋಗಿಲಬನ, ದಾಂಡೇಲಿ
ಭಾನುವಾರ, ೧೮–೧೦–೧೯೮೧

ಪ್ರೀತಿಯ ರೊಜಾರಿಯೊ ಅಣ್ಣಾ,

ಹೇಗಿದ್ದೀಯ? ಹೋಟೆಲಿನ ಪಾತ್ರೆ ತೊಳೆದು ತೊಳೆದು ಕೈಯ ಚರ್ಮ ಸುಲಿಯುತ್ತದೆ ಎಂದು ಬರೆದಿದ್ದೆ. ಮಲಗುವಾಗ ಕೊಬ್ಬರಿ ಎಣ್ಣೆ ಹಚ್ಚಿಕೋ, ಜಪಾನಿನಲ್ಲಿ ಸಿಗದಿದ್ದರೆ ಸಿಕ್ಕಿದ್ದನ್ನು ಹಚ್ಚಿಕೋ. ನಾವೆಲ್ಲ ಕ್ಷೇಮ. ಕಾತರಿನಾ ಅಜ್ಜಿಯ ಮಂಡಿನೋವು ಮಳೆಯ ಜೊತೆಗೇ ಹೋಯಿತು. ಅಪ್ಪ ಬಿದಿರು ಕಡಿಯಲು ಮತ್ತೆ ಕಾಡಿಗೆ ಹೋಗುತ್ತಿದ್ದಾನೆ. ಸಂಜೆ ಬಂದು ಎಲ್ಲರ ಮೇಲೂ ಸಿಡುಕುತ್ತಾನೆ, ಅಂದರೆ ಆರೋಗ್ಯವಾಗಿದ್ದಾನೆ.

ನಿನ್ನ ಪತ್ರ, ಫೋಟೋ ಎರಡೂ ಮುಟ್ಟಿದವು. ಫೋಟೋ ನೋಡುತ್ತ ನಿಂತು ಒಲೆಯ ಮೇಲಿನ ಅನ್ನ ಸೀಯಿಸಿದೆ. ಅಣ್ಣಾ, ಅದೆಂಥ ಬೀದಿ! ಭಾನುವಾರ ಬಂದರೆ ಆ ಹರಾಜುಕುವಿನಲ್ಲಿ ಗಾಡಿಗಳನ್ನು ನಿಲ್ಲಿಸಿ ರಸ್ತೆಯನ್ನೇ ಹುಡುಗ ಹುಡುಗಿಯರಿಗೆ ಬಿಟ್ಟುಕೊಡುತ್ತಾರಂತೆ, ಅವರು ಟೇಪ್ ರೆಕಾರ್ಡರು ನಡುವೆ ಇಟ್ಟು ಸುತ್ತ ಕುಣಿಯುತ್ತಾರಂತೆ. ಗುಲಾಬಿ, ನೇರಳೆ, ಅರಿಶಿನ ಬಣ್ಣದ ಹೊಳೆಯುವ ಬಟ್ಟೆ, ಇಬ್ಬರು ತೂರುವಷ್ಟು ಅಗಲದ ತೋಳು, ದೊಗಳೆ ಷರಾಯಿ, ತಲೆಗೆ ಪಟ್ಟಿ, ಕೊರಳಲ್ಲಿ ಸೀಟಿ. ಒಂದೊಂದು ಗುಂಪಿಗೆ ಒಂದೊಂದು ಬಣ್ಣ, ಎಷ್ಟೋ ಜನ ತಾವೇ ಹೊಲಿದುಕೊಂಡದ್ದು ಎಂದು ನೀನು ಬರೆದದ್ದನ್ನು ಓದಿದಾಗಿನಿಂದ ನನ್ನ ಬೆರಳು ಸುಮ್ಮನಿಲ್ಲ.

ಅಜ್ಜಿ ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು, "ನಮ್ಮ ಕೌದಿ ಎದ್ದು ಕುಣದಂಗ ಐತಲ್ಲವಾ!" ಎಂದಳು. ಅವರನ್ನು ತಾಕೆನೊಕೊ, ಅಂದರೆ ಬಿದಿರಿನ ಕಳಲೆ ಎಂದು ಕರೆಯುತ್ತಾರೆ ಎಂದು ಓದಿ ಹೇಳಿದೆ ನೋಡು, ಅವಳ ನಗು ನಿಲ್ಲಲೇ ಇಲ್ಲ. "ನಾವು ಕಳಲಿ ಪಲ್ಯಾ ಮಾಡಿ ತಿಂತೇವಿ, ಅವ್ರು ಅಂಗಿ ಹಾಕಿ ಕುಣಸ್ತಾರ!" ಈಗ ನೀನು ಅವಳಿಗೆ ರೊಜಾರಿಯೊ ಅಲ್ಲ, ಕಳಲೆ ಹುಡುಗ.

ಆದರೆ ನೀನು ಕೇಳಿದ ಮಾತಿಗೆ ಉತ್ತರ ಬರೆಯಲು ಕೈ ಬರುತ್ತಿಲ್ಲ. "ಕ್ರಿಸ್‌ಮಸ್ಸಿಗೆ ಮನೆಗೆ ಬರಲೇ? ಅಪ್ಪನನ್ನು ಕೇಳಿ ಬರೆ" ಎಂದಿದ್ದೆ. ಕೇಳಿದೆ. ಅಪ್ಪ ಫೋಟೋವನ್ನು ಕೈಯಲ್ಲೂ ಹಿಡಿಯಲಿಲ್ಲ, ದೂರದಿಂದಲೇ ಮೋರೆ ತಿರುವಿದ. "ಮುರ್ಮಗೋವಾ ಬಂದರದಾಗ ಕೈ ಕಾಲ ಹಿಡದು ಹಡಗದ ಕೆಲಸಾ ಕೊಡಿಸಿದ್ನಿ. ಅದನ್ನ ಬಿಟ್ಟು ರಿಬ್ಬನ್ ಕಟಗೊಂಡು ಬೀದ್ಯಾಗ ಕುಣಿಯಾಂವ ನನ್ನ ಮಗಾ ಅಲ್ಲ. ಬರೂದು ಬ್ಯಾಡ ಅಂತ ಬರಿ." ನನಗೆ ತುಂಬಾ ದುಃಖವಾಯಿತು. ನಮ್ಮ ಹಬ್ಬದಲ್ಲಿ ಡಮಾಮು ಬಾರಿಸಿದರೆ ಎಲ್ಲರಿಗಿಂತ ಮೊದಲು ಎದ್ದು ಕುಣಿಯುವವನು ಯಾರು, ಈ ಅಪ್ಪನೇ ಅಲ್ಲವೇ!

ನೀನು ಬಿಟ್ಟುಹೋದ ಅಂಗಿ ಚಡ್ಡಿಗಳನ್ನೆಲ್ಲ ಅಜ್ಜಿ ಕತ್ತರಿಸಿ ಕೌದಿ ಹೊಲಿಯುತ್ತಿದ್ದಾಳೆ. ನಿನ್ನ ಶಾಲೆಯ ಖಾಕಿ ಒಂದು ಕಡೆ, ಕಾಳಿ ಹೊಳೆಯಲ್ಲಿ ಬಿದ್ದು ಹರಿದುಕೊಂಡ ಚೌಕಳಿ ಅಂಗಿ ಇನ್ನೊಂದು ಕಡೆ. ಎಲ್ಲ ಮುಗಿದಿದೆ, ನಾಲ್ಕು ಮೂಲೆಯ ಹೂಗಳು ಮಾತ್ರ ಬಾಕಿ. ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಮೂಲೆಗೆ ಹೂ ಹಚ್ಚದಿದ್ದರೆ ಕೌದಿ ಬತ್ತಲೆ ಎನ್ನುತ್ತಾಳೆ ಅಜ್ಜಿ, ನಿನಗೆ ಗೊತ್ತಲ್ಲ. ಆ ಹೂಗಳಿಗೆ ಅವಳಿಗೆ ನಮ್ಮ ಅವ್ವನ ಹಸಿರು ಸೀರೆಯೇ ಬೇಕು. ಅವ್ವ ತೀರಿಕೊಂಡ ಮೇಲೆ ಅಪ್ಪ ಅದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಾನೆ, ಯಾರಿಗೂ ಮುಟ್ಟಲು ಕೊಡುವುದಿಲ್ಲ. ನೀನು ಊರು ಬಿಟ್ಟ ವಾರವೇ ಅದರ ಸೆರಗು ಹರಿದದ್ದು ಕಂಡು ಇಲಿ ಕಡಿಯಿತೆಂದು ಅತ್ತುಬಿಟ್ಟಿದ್ದ. ಮರುದಿನ ಹಳಿಯಾಳ ಸಂತೆಯಿಂದ ಬೆಕ್ಕು ತಂದ. ಇಲಿ ಹಿಡಿಯುವುದಿಲ್ಲ ಎಂದು ಅದಕ್ಕೆ ಇವತ್ತಿಗೂ ಬೈಗುಳ, ಟ್ರಂಕು ಸರಿಯಾಗಿ ಮುಚ್ಚಲಿಲ್ಲ ಎಂದು ನನಗೂ ಬೈಗುಳ.

ಈಗ ನಿನ್ನ ಗುಟ್ಟು ನನಗೆ ತಿಳಿದುಹೋಯಿತು, ಕಳ್ಳ! ಫೋಟೋದಲ್ಲಿ ಬೆನ್ನು ತಿರುಗಿಸಿ ಕುಣಿಯುತ್ತಿರುವವನು ನಾನೇ ಎಂದು ಬರೆದಿದ್ದೀಯ. ನೀನು ಬರೆಯದಿದ್ದರೂ ಗುರುತಿಸುತ್ತಿದ್ದೆ. ಎರಡು ಪಕ್ಕವೂ ಸೀಳಿದ ಆ ನೇರಳೆ ಅಂಗಿಯ ಅಂಚುಗಳು ಗಿರಕಿಗೆ ಹಾರಿವೆ, ಮೂಲೆಗಳಲ್ಲಿ ಹಸಿರು ಹೂಗಳಿವೆ. ಜಪಾನಿನ ಯಾವ ಹುಡುಗ ಹಾಗೆ ಹೂ ಹಚ್ಚುತ್ತಾನೆ? ಅಪ್ಪನಿಗೆ ಹೇಳುವ ಧೈರ್ಯ ನನಗಿಲ್ಲ. ಸೀರೆ ಹರಿದವನು ನೀನೆಂದು ತಿಳಿದರೆ ಇನ್ನಷ್ಟು ಸಿಟ್ಟಾದಾನು.

ನಿನ್ನೆ ಮಧ್ಯಾಹ್ನ ಕೌದಿಯ ಮೇಲೆ ಹಾಗೇ ಕಣ್ಣು ಹತ್ತಿತು. ಹಳಿಯಾಳ ಬಸ್ ಸ್ಟ್ಯಾಂಡಿನಲ್ಲಿ ಬಸ್ಸುಗಳೆಲ್ಲ ನಿಂತುಬಿಟ್ಟಿದ್ದವು. ಕಬ್ಬಿನ ಗಾಡಿಗಳೂ ನಿಂತಿದ್ದವು. ನಡುವೆ ಅಜ್ಜಿ ನೇರಳೆ ಷರಾಯಿ ತೊಟ್ಟು ಸೀಟಿ ಊದುತ್ತಿದ್ದಳು, ಕಂಡಕ್ಟರರೂ ಕುಣಿಯುತ್ತಿದ್ದರು. ಹಸಿರು ಸೀರೆಯ ಒಬ್ಬಳು ಗುಂಪಿನಲ್ಲಿ ಸುತ್ತುತ್ತ ಸುತ್ತುತ್ತ ನನ್ನ ಹತ್ತಿರ ಬಂದಳು. ಮುಖ ಕಾಣುವಷ್ಟರಲ್ಲಿ ಎಚ್ಚರವಾಯಿತು. ನೀನು ಇಲ್ಲಿ ಬೇಕಿತ್ತು ಅಣ್ಣಾ.

ಅಪ್ಪ ಹೇಳಿದ್ದನ್ನು ಬರೆದಿದ್ದೇನೆ, ನನ್ನ ಮೇಲೆ ಬೇಸರಪಡಬೇಡ. ಚಳಿಗೆ ಬೆಚ್ಚಗಿರು, ಹೊಟ್ಟೆ ತುಂಬ ಉಣ್ಣು. ದೇವರು ನಿನ್ನನ್ನು ಅಲ್ಲಿಯೇ ಕಾಪಾಡಲಿ ಎಂದು ಅಜ್ಜಿ ಹಣೆಗೆ ಶಿಲುಬೆ ಗುರುತು ಹಾಕಿಕೊಂಡು ಹೇಳುತ್ತಿದ್ದಾಳೆ.

ನಿನ್ನ ತಂಗಿ,
ಇಜಾಬೆಲ್

ತಾ.ಕ.: ಪತ್ರ ಮಡಚುವಾಗ ಅಪ್ಪ ಬಂದು ಫೋಟೋ ಕೇಳಿದ. ಅಜ್ಜಿಯೇ ಬಾಯಿಬಿಟ್ಟಿರಬೇಕು. ಅಂಗಳದ ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ. "ಅಂದ್ರ ಇಲಿ ಅಲ್ಲ" ಎಂದ, ಅಷ್ಟೇ. ಒಳಗೆ ಹೋಗಿ ಟ್ರಂಕು ತೆಗೆದು, ಸೀರೆ ತಂದು, ತಾನೇ ಐದು ತುಂಡು ಕತ್ತರಿಸಿದ. ಕೌದಿಗೆ ನಾಲ್ಕೇ ಸಾಕಲ್ಲ ಎಂದೆ. "ಅವನ ಅಂಗೀದು ಮೂರು ಮೂಲಿಗೆ ಹೂ ಅದಾವ, ನಾಲ್ಕನೇದು ಬತ್ತಲೆ ಐತಿ, ಕಾಣವಲ್ದೇನ? ಅರಿವಿ ಸಾಲಲಿಲ್ಲ ಅವಂಗ. ಅದನ್ನ ಹಾಕ್ಕೊಂಡ ಬಾ ಅಂತ ಬರಿ, ಇಲ್ಲೇ ಹಚ್ಚೂಣು." ಈಗ ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಾನೆ. ಬೇಗ ಬಾ ಅಣ್ಣಾ.