ಮೊನೆ ಮೊಟಕಾದ ಚಾಕು

ಮಾರ್ಚ್ 9

ಪ್ರೀತಿಯ ಗುಬ್ಬಿ,

ನಿಮ್ಮ ಅಡುಗೆಮನೆಯ ಬಾಗಿಲಿನ ಮಾತನ್ನು ಎತ್ತುವುದೇ ಬೇಡ ಎಂದುಕೊಂಡಿದ್ದೆ. ಅದನ್ನು ಬಿಟ್ಟು ಬೇರೆ ಏನು ಬರೆಯಹೋದರೂ ಕೈ ಓಡಲಿಲ್ಲ. ಹಾಗಾಗಿ ಎರಡು ವಾರ ತಡವಾಯಿತು, ಕ್ಷಮಿಸು. ಅಮ್ಮನ ಮಂಡಿನೋವು ಕಡಿಮೆಯಾಗಿದೆ. ಈಗ ಡಾಕ್ಟರನ್ನು ಬೈಯಲು ಬೇರೆ ಕಾರಣ ಹುಡುಕುತ್ತಿದ್ದಾಳೆ.

ತಮ್ಮ ಚಾಕುಗಳ ಸಂಗ್ರಹಕ್ಕೆ ಬೆಲೆ ಕಟ್ಟಿಕೊಡಿ ಎಂದು ನಿನ್ನ ಯಜಮಾನರು ಕರೆದಾಗ ನನಗೆ ಖುಷಿಯೇ ಆಗಿತ್ತು. ಹಳೆಯ ವಸ್ತುಗಳಿಗೆ ಬೆಲೆ ಕಟ್ಟುವುದು ನನ್ನ ಕೆಲಸ. ಆ ನೆಪದಲ್ಲಿ ನಿನ್ನನ್ನು ನೋಡಬಹುದಲ್ಲ. ಮೊದಲ ಹನ್ನೊಂದರಲ್ಲಿ ದೊಡ್ಡ ತಕರಾರಿರಲಿಲ್ಲ. ಒಂದರ ಕೊಂಬಿನ ಹಿಡಿ ಬಿರುಕುಬಿಟ್ಟಿತ್ತು, ಇನ್ನೊಂದನ್ನು ಯಾರೋ ಉಜ್ಜಿ ಉಜ್ಜಿ ತಯಾರಕರ ಮುದ್ರೆಯನ್ನೇ ಅಳಿಸಿದ್ದರು. ಹನ್ನೆರಡನೆಯದು ಆ ಮಡಿಚುವ ಚಾಕು.

"ಇದು ಡಬ್ಬಿಯಿಂದ ಆಚೆನೇ ಬಂದಿಲ್ಲ ಅಕ್ಕ. ಹೊಸ ಮದುಮಗಳ ಥರ ಇದೆ," ಎಂದರು ನಿನ್ನವರು.

ಬಿಚ್ಚಿದರೆ ಕೀಲು ಸಡಿಲ. ದಿನಾ ಬಿಚ್ಚಿ ಮಡಿಚಿದ ಚಾಕು ಹಾಗಾಗುತ್ತದೆ. ಮಡಿಚಿದಾಗ ಮೊನೆ ಹಿಡಿಯ ತುದಿಯವರೆಗೆ ಬರಬೇಕು. ಇದು ಒಂದು ಅಕ್ಕಿಕಾಳಿನಷ್ಟು ಹಿಂದೆಯೇ ನಿಂತಿತ್ತು. ಮೊನೆ ಮುರಿದಿದೆ, ಸಾಣೆ ಹಿಡಿದು ಹೊಸದು ಮಾಡಿದ್ದಾರೆ. ಇಂಥದ್ದಕ್ಕೆ ಸಂಗ್ರಾಹಕರು ಅರ್ಧ ಬೆಲೆಯನ್ನೂ ಕೊಡುವುದಿಲ್ಲ. ಅಭ್ಯಾಸಬಲದಿಂದ ಕೇಳಿಬಿಟ್ಟೆ: "ಮೊನೆ ಹೇಗೆ ಮುರೀತು?"

ಅವರು ಬಾಯಿ ತೆರೆಯುವ ಮೊದಲೇ ನೀನು, "ನಾನೇ ಕೆಡವಿದೆ ಅಕ್ಕ, ಒರೆಸೋವಾಗ," ಎಂದೆ.

"ಇವಳ ಕೈಲಿ ಏನು ನಿಲ್ಲತ್ತೆ ಹೇಳಿ," ಎಂದು ನಕ್ಕು ಅವರು ಚಾಕುವನ್ನು ಟಕ್ಕೆಂದು ಮಡಿಚಿದರು. ಆ ಸದ್ದಿಗೆ ನಿನ್ನ ಕೈಯ ಲೋಟದಿಂದ ನೀರು ತುಳುಕಿತು.

ಕೈ ತೊಳೆಯಬೇಕೆಂದು ಅಡುಗೆಮನೆಗೆ ಹೋದೆ. ಬಾಗಿಲಿನಲ್ಲಿ, ನಿನ್ನ ಕಿವಿಯ ಎತ್ತರಕ್ಕೆ, ಒಂದು ಸೀಳಿಗೆ ಪುಟ್ಟಿ ತುಂಬಿ ಬಣ್ಣ ಬಳಿದಿತ್ತು. ಮುಚ್ಚಿಟ್ಟ ರಿಪೇರಿಯನ್ನು ಕಂಡುಹಿಡಿಯುವುದೇ ನನ್ನ ಅನ್ನ. ಬೆರಳಿಟ್ಟು ನೋಡಿದೆ. ಕೈಜಾರಿದ ಚಾಕು ಅಷ್ಟು ಎತ್ತರಕ್ಕೆ ಹಾರುವುದಿಲ್ಲ, ಗುಬ್ಬಿ.

ಅಂದಿನಿಂದ ಫೋನ್ ಸದ್ದಾದರೆ ನೀನೇ ಏನೋ ಎಂದು ಓಡುತ್ತೇನೆ. ಇಲ್ಲದ್ದನ್ನು ಊಹಿಸುತ್ತಿದ್ದೇನೆಯೇ? ಹಾಗಿದ್ದರೆ ಬೈದುಬಿಡು, ಸಂತೋಷದಿಂದ ಬೈಸಿಕೊಳ್ಳುತ್ತೇನೆ. ಫೋನಿನಲ್ಲೇ ಕೇಳೋಣವೆಂದರೆ ನೀನು ಯಾವಾಗಲೂ ಸ್ಪೀಕರ್ ಹಾಕಿರುತ್ತೀಯ, ಹಿಂದೆ ಅವರ ಕೆಮ್ಮು ಕೇಳಿಸುತ್ತದೆ.

ಹದಿನೆಂಟರ ಬೆಳಿಗ್ಗೆ ಅವರು ಚಾಕು ಮಾರಲು ಪ್ರದರ್ಶನಕ್ಕೆ ಹೊರಡುತ್ತಾರಲ್ಲ, ಐದು ದಿನ. ಆಗ ನನ್ನ ಮನೆಗೆ ಬಂದುಬಿಡು. ಒಂದು ಚೀಲ ಸಾಕು. ಕಾರಣ ಯಾರಿಗೂ ಹೇಳಬೇಕಿಲ್ಲ, ಅಮ್ಮನಿಗೂ.

ಚೆನ್ನಾಗಿರು ತಾಯಿ. ನಿನ್ನ ಒಂದು ಕೂದಲೂ ಕೊಂಕದಿರಲಿ.

ನಿನ್ನ
ಅಕ್ಕ

ಮತ್ತೆ: ಅಡುಗೆಮನೆಯಿಂದ ಬಂದ ಮೇಲೆ ನಾನು ವರದಿಯಲ್ಲಿ ಬರೆದದ್ದು "ಬಳಸಿಲ್ಲ, ಮೊನೆ ಮೂಲಸ್ಥಿತಿಯಲ್ಲಿದೆ" ಎಂದು. ನಿಜ ಬರೆದರೆ ಆ ಸಿಟ್ಟು ನಿನ್ನ ಮೇಲೆ ಇಳಿಯುತ್ತದೆಂದು ಹೆದರಿದೆ. ಸಹಿ ಹಾಕುವಾಗ ನೀನು ನನ್ನನ್ನೇ ನೋಡುತ್ತಿದ್ದೆ. ಅಕ್ಕನಿಗೂ ಬಾಗಿಲಿನ ಸೀಳು ಕಾಣಲಿಲ್ಲ ಎಂದುಕೊಂಡೆಯೇನೋ. ಕಂಡಿತ್ತು. ಕಂಡೂ ನಿನ್ನನ್ನು ಅಲ್ಲೇ ಬಿಟ್ಟು ಬಂದೆ. ಪ್ರದರ್ಶನದಲ್ಲಿ ತಿಳಿದವರೊಬ್ಬರು ಅದನ್ನು ಮಡಿಚಿ ನೋಡಿದರೆ ಸಾಕು, ನನ್ನ ಸುಳ್ಳು ಹೊರಬೀಳುತ್ತದೆ. ನಿನ್ನವರು ತಿರುಗಿ ಬರುವಾಗ ನೀನು ಆ ಮನೆಯಲ್ಲಿರಬಾರದು. ನಿಮ್ಮಲ್ಲಿ ಬಂದ ಕಾಗದಗಳನ್ನೆಲ್ಲ ಮೊದಲು ಒಡೆಯುವುದು ಅವರೇ. ಆದ್ದರಿಂದ ಅವರು ಹೊರಟ ಮೇಲೆ, ಮಾರ್ಚ್ 18ರ ಮಧ್ಯಾಹ್ನ, ಇದನ್ನು ಅಂಚೆಗೆ ಹಾಕುತ್ತೇನೆ.