ಬಯಲಿಗೆ ಹುಲ್ಲು ಬಂದ ವರ್ಷ

ಮೇ 18, ಭಾನುವಾರ. ಬೆಳಿಗ್ಗೆ

ಯಾರದು ಈ ಪುಸ್ತಕ ತೆಗೆದದ್ದು? ಇಡು ಕೆಳಗೆ. ಓದು ಬರುತ್ತದೆ ಎಂದು ಕಂಡವರದ್ದೆಲ್ಲ ಓದುವುದಾ? ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳ ಗೀಚು ಓದಿ ನಿನಗೆ ಬರುವ ಭಾಗ್ಯವಾದರೂ ಏನು?

ರಾಗಿ ಡ್ರಮ್ಮಿನಲ್ಲಿ ಮೊಳಕೈ ಆಳಕ್ಕೆ ಹೂತಿಟ್ಟಿದ್ದೆ. ಇವತ್ತು ಹಿಟ್ಟಿಗೆಂದು ರಾಗಿ ತೆಗೆಯಲು ಹೋದರೆ ಮೇಲೆಯೇ ಸಿಕ್ಕಿತು. ಹಾಳೆಗೆ ಕರ್ಪೂರದಂಥ ವಾಸನೆ. ಸೊಸೆ ನೇತ್ರಾವತಿಯನ್ನು ಕೇಳಿದೆ, ಹುಳಕ್ಕೆ ಕರ್ಪೂರ ಹಾಕಿದೆಯಾ ಎಂದು. “ನಿಮ್ಮ ಡ್ರಮ್ಮು ಮುಟ್ಟಾಕೆ ನಂಗೆಲ್ಲಿ ಪುರುಸೊತ್ತೈತೆ ಅತ್ತೆ” ಅಂದಳು. ನಿಜ. ಅಂಗನವಾಡಿ ಮಕ್ಕಳ ಮೂಗು ಒರೆಸುವುದರಲ್ಲೇ ಅವಳ ದಿನ ಮುಗಿಯುತ್ತದೆ. ಮೊಮ್ಮಗ ಹರೀಶ ತನ್ನ ಪುಸ್ತಕವನ್ನೇ ಓದಿದವನಲ್ಲ. ಮತ್ತೆ ಯಾರು — ಇಲಿಯಾ?

ಓದಿದ್ದರೆ ಓದಿದ್ದೀ. ಹಿಂದಿನ ಹಾಳೆಯ ಸಂಗತಿ ಬಾಯಿ ಬಿಟ್ಟರೆ ನೋಡು. ಹೌದು, ಏಪ್ರಿಲ್ ಕೊನೆಗೆ ನಮ್ಮ ಹುಡುಗರು ಹೊಸದುರ್ಗಕ್ಕೆ ಮ್ಯಾಚಿಗೆ ಹೋದಾಗ, ಫುಟ್‌ಬಾಲ್ ಬಯಲಲ್ಲಿ ಮೂರು ರಾತ್ರಿ ಕುರಿಮಂದೆ ನಿಲ್ಲಿಸಿದ್ದು ನಾನೇ. ನನ್ನ ತಮ್ಮ ಯತ್ತಪ್ಪನ ಮಂದೆ. ಹೊಲದಲ್ಲಿ ನಿಲ್ಲಿಸಿದರೆ ಹಿಕ್ಕೆ ಗೊಬ್ಬರವಾಗಿ ರಾಗಿ ಸೊಂಟದೆತ್ತರ ಬರುತ್ತದೆ. ಬಯಲಲ್ಲಿ ನಿಲ್ಲಿಸಿದರೆ ಹುಲ್ಲು ಬರಬಾರದಾ? ಟೀವಿಯಲ್ಲಿ ಆಡುವವರ ಕಾಲ ಕೆಳಗೆ ಹುಲ್ಲು. ನಮ್ಮವರ ಕಾಲ ಕೆಳಗೆ ಗರಸು. ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದೇನೆ. ನಮ್ಮ ಮದಕರಿಪುರದ ಆಟಗಾರನನ್ನು ಮಂಡಿ ನೋಡಿಯೇ ಗುರುತಿಸಬಹುದು.

ಮೊದಲೇ ಹೇಳಿದ್ದರೆ ನಗುತ್ತಿದ್ದರು. ಹಿಕ್ಕೆ ಕಂಡವರು, ಯಾವುದೋ ಮಂದೆ ಹಾದುಹೋಗಿದೆ ಅಂದುಕೊಂಡರು. ಹುಲ್ಲು ಬರಲಿ. ಆಮೇಲೆ ಹೇಳಿದರಾಯಿತು.

ಮೇ 25, ಭಾನುವಾರ

ಹುಲ್ಲು ಬಂತು. ಎರಡು ಮಳೆಗೆ ಹಸಿರು ಚಾಪೆ.

ಜುಂಜಣ್ಣನ ಚಾ ಅಂಗಡಿ ಮುಂದಿನ ಹೊಂಗೆಮರದ ಕಟ್ಟೆಯಲ್ಲಿ ಇವತ್ತು ಅದೇ ಮಾತು. ಗಂಡಸರು ಕಟ್ಟೆಯ ಮೇಲೆ, ನಾನು ಪಕ್ಕದ ಕಲ್ಲಿನ ಮೇಲೆ. ಮುರುಗೇಶಪ್ಪ — ಬಸ್ ಕಂಡಕ್ಟರ್ ಆಗಿ ರಿಟೈರ್ ಆದವನು, ಈಗಲೂ ಎಲ್ಲರನ್ನೂ ಒಳಗೆ ಸರಿಯಿರಿ ಅನ್ನುವ ದನಿ — ಪ್ರತಿ ವರ್ಷದ ಮಾತು ಶುರುಮಾಡಿದ.

“ಈ ಸಲ ಫೈನಲ್ ಖಾಯಂ. ಹುಲ್ಲು ತಾನಾಗೇ ಬಂದೈತೆ. ದೇವ್ರು ನಮ್ಮ ಟೀಮಿನ ಕಡೆ ಅವ್ನೆ.”

ಸುಮ್ಮನೆ ಚಾ ಕುಡಿದೆ. ಹೊಗಳಿಕೆ ದೇವರಿಗೆ ಹೋಯಿತು, ಹೋಗಲಿ.

“ಹುಲ್ಲು ಗೋಲ್ ಹೊಡೆಯಲ್ಲ ಮುರುಗೇಶಪ್ಪ” ಅಂದರು ಹಜರತ್ ಅಲಿ. ದುರ್ಗದಲ್ಲಿ ಹಾಸಿಗೆ ಅಂಗಡಿ, ಮನೆ ನಮ್ಮೂರಲ್ಲೇ. ನಮ್ಮ ಗೋಲ್‌ಕೀಪರ್ ಕೈಸರ್ ಅವರ ಮೊಮ್ಮಗ. “ಹೊಳಲ್ಕೆರೆ ಡಿಫೆನ್ಸ್ ಗೋಡೆ ಇದ್ದಂಗೈತೆ. ಹೋದ ವರ್ಷ ಅಲ್ಲೇ ಸತ್ವಿ.”

“ಅವ್ರ ಎಡಗಡೆಯೋನು ಬಾಲ್ ಬಿಟ್ಟು ಕಾಲು ನೋಡ್ತಾನೆ” ಅಂದೆ. “ಆ ಕಡೆಯಿಂದ ಹೋಗ್ಬೇಕು.”

“ಕೆಂಚಕ್ಕ ಕೋಚ್ ಆದ್ಲು, ಇನ್ನೇನು” ಅಂದ ಮುರುಗೇಶಪ್ಪ. ಎಲ್ಲರೂ ನಕ್ಕರು. ಸ್ವಲ್ಪ ಹೊತ್ತಿಗೆ ಅದೇ ಮಾತನ್ನು ಅವನೇ ಹೇಳಿದ. ಹೌದಲ್ಲಾ ಅಂತ ಎಲ್ಲರೂ ತಲೆಯಾಡಿಸಿದರು.

ಆಮೇಲೆ ಕ್ಯಾಪ್ಟನ್ ಯಾರು ಎಂದು ಬಂತು. ಕೈಸರನೋ, ನಮ್ಮ ಹರೀಶನೋ. ಕಮಿಟಿಯವರು ಜುಲೈಯಲ್ಲಿ ಹೇಳುತ್ತಾರಂತೆ. ನನ್ನನ್ನು ಕೇಳಿದರು, ತಮಾಷೆಗೆ. ನಾನು ತಮಾಷೆಗೆ ಹೇಳಲಿಲ್ಲ. “ಕೈಸರ್ ಬಿದ್ರೆ ಎದ್ದು ಮುಂದಿನ ಬಾಲ್ ನೋಡ್ತಾನೆ. ಹರೀಶ ಬಿದ್ರೆ ಬೀಳಿಸಿದೋನು ಯಾರು ಅಂತ ಹುಡುಕ್ತಾನೆ.”

ಹರೀಶ ಹಿಂದೆಯೇ ನಿಂತಿದ್ದ. ಮನೆಗೆ ಬಂದು ಉಣ್ಣಲಿಲ್ಲ. ಉಣ್ಣದಿದ್ದರೆ ಮುದ್ದೆ ಉಳಿಯುತ್ತದೆ, ಅಷ್ಟೇ.

ಜೂನ್ 8, ಭಾನುವಾರ

ಹುಲ್ಲಿನ ನಡುವೆ ಹಳದಿ ಹೂ. ಚಿಕ್ಕವು, ನೆಲಕ್ಕೆ ಅಂಟಿಕೊಂಡು. ಹತ್ತಿರ ಹೋಗಿ ಬಗ್ಗಿ ನೋಡಿದೆ.

ನೆಗ್ಗಿಲು.

ಯತ್ತಪ್ಪನ ಮಂದೆ ಬೇಸಿಗೆಯೆಲ್ಲ ಹಿರಿಯೂರು ಕಡೆಯ ಬೀಳಲ್ಲಿ ಮೇಯ್ದು ಬಂದದ್ದು. ಉಣ್ಣೆಗೆ, ಗೊರಸಿಗೆ ಮುಳ್ಳುಕಾಯಿ ಸಿಕ್ಕಿಕೊಂಡು ಬಂದಿದೆ. ಮೂರು ರಾತ್ರಿ ನಮ್ಮ ಬಯಲಲ್ಲಿ ಉದುರಿದೆ. ಕುರಿಗಾರನ ಮಗಳು ನಾನು. ಇದು ಹೊಳೆಯಬೇಕಿತ್ತು. ಹುಲ್ಲು ಹುಲ್ಲು ಎಂದು ಕಣ್ಣಿಗೆ ಮಣ್ಣು ಬಿದ್ದಿತ್ತು. ಇನ್ನು ತಿಂಗಳಲ್ಲಿ ಕಾಯಿ ಬಲಿತು ಒಣಗುತ್ತದೆ. ಒಂದೊಂದು ಕಾಯಿಗೂ ಮೊಳೆಯಂಥ ಮುಳ್ಳು.

ಹೇಳಬೇಕು. ಇವತ್ತು ಕಟ್ಟೆಯಲ್ಲಿ ಇನ್ನೂ ದೇವರ ಹುಲ್ಲಿನ ಮಾತೇ. ಹೇಳಲಿಲ್ಲ. ಯಾರಿಗೂ ಕಾಣುವ ಮೊದಲೇ ಕಿತ್ತುಬಿಟ್ಟರಾಯಿತು.

ಜೂನ್ 11. ಬೆಳಗಿನ ಜಾವ

ರಸ್ತೆ ಕಡೆಯ ಗೋಲ್ ಕಂಬದಿಂದ ಶುರುಮಾಡಿದೆ. ಕೈಸರ್ ಬೀಳುವುದು ಅಲ್ಲಿ. ಒಂದು ಚೀಲ ಕಿತ್ತೆ.

ಜೂನ್ 17

ಮುರುಗೇಶಪ್ಪ ಹಾಲಿನ ಕ್ಯಾನು ಹಿಡಿದು ಬರುತ್ತಿದ್ದ.

“ಏನ್ ಕೆಂಚಕ್ಕ, ಗ್ರೌಂಡಿನಾಗೆ ಏನ್ ಕಳ್ಕಂಡಿದೀಯ?”

“ಸೊಪ್ಪು ಕೀಳ್ತಿದೀನಿ.”

“ಗೋಲ್ ಪೋಸ್ಟ್ ಹತ್ರಾನೇ ಚಿಗುರು ಜಾಸ್ತಿನಾ?”

“ನಿನ್ ತಲೆಯಾಗಂತೂ ಏನೂ ಬೆಳಿಯಲ್ಲ, ಇಲ್ಲೇ ಕೀಳ್ಬೇಕು.”

ಬೋಳುತಲೆ ಸವರಿಕೊಂಡು ನಗುತ್ತಾ ಹೋದ. ಈಗಲಾದರೂ ಹೇಳಿದ್ದರೆ... ಸೊಂಟ ಹಿಡಿದುಕೊಂಡಿದೆ.

ಜೂನ್ 29, ಭಾನುವಾರ

ಇಪ್ಪತ್ತೊಂದಕ್ಕೆ ಸೊಂಟ ಪೂರಾ ಬಿತ್ತು. ಎಂಟು ದಿನ ಮಲಗಿದಲ್ಲೇ. ಹನ್ನೊಂದು ದಿನ ಕಿತ್ತದ್ದು ಅರ್ಧ ಬಯಲು. ರಸ್ತೆ ಕಡೆ ಪೋಸ್ಟು ಚೊಕ್ಕ ಆಗಿದೆ. ಕೆರೆ ಕಡೆ ಪೋಸ್ಟು ಹಾಗೇ ಇದೆ. ಅಲ್ಲಿ ಕಾಯಿ ಬಲಿತಿವೆ. ಪುಣ್ಯಕ್ಕೆ ಹುಡುಗರು ಪ್ರಾಕ್ಟೀಸ್ ಮಾಡುವುದು ಯಾವಾಗಲೂ ರಸ್ತೆ ಕಡೆ.

ಪುಸ್ತಕ ಮತ್ತೆ ಮೇಲೆ ಬಂದಿದೆ. ಇಲಿಯೇ ಇರಬೇಕು.

ಜುಲೈ 6, ಭಾನುವಾರ. ಸಂಜೆ



ಬೆಳಿಗ್ಗೆಯಿಂದ ಮೋಡ. ಸೊಂಟ ಪರವಾಗಿಲ್ಲ ಎಂದು ಪ್ರಾಕ್ಟೀಸ್ ನೋಡಲು ಹೋದೆ. ಹುಡುಗರು ರಸ್ತೆ ಕಡೆ ಹೊರಟಿದ್ದರು. ಹರೀಶ ಕರೆದ. “ಇವತ್ತು ಕೆರೆ ಕಡೆ ಪೋಸ್ಟಿಗೆ ಆಡಾಣ ಬರ್ರೋ. ಈ ಕಡೆ ಬಿಸ್ಲು ಕಣ್ಣಿಗೆ ಹೊಡಿತೈತೆ.” ನಾನು ಎದ್ದು ನಿಂತೆ. ಬೇಡ ಅನ್ನಬೇಕಿತ್ತು. ಯಾಕೆ ಅಂದರೆ ಏನು ಹೇಳಲಿ? ಕೂತೆ.

ಹರೀಶ ನೆಲಕ್ಕಂಟಿಸಿ ಹೊಡೆದ. ಕೈಸರ್ ಪೂರಾ ಮೈ ಚಾಚಿ ಬಿದ್ದ. ಬಾಲ್ ಹಿಡಿದ. ಎದ್ದೇಳಲಿಲ್ಲ. ಅಂಗೈ, ಮೊಣಕೈ, ಮಂಡಿ — ಎಲ್ಲ ಮುಳ್ಳು. ಮಂಡಿಯಲ್ಲಿ ಒಂದು ಒಳಗೇ ಮುರಿಯಿತು.

ಜುಲೈ 13, ಭಾನುವಾರ

ಮಂಡಿ ಕೀವು ಕಟ್ಟಿತು. ದುರ್ಗದಲ್ಲಿ ಡಾಕ್ಟರು ಕೊಯ್ದು ಹೊಲಿಗೆ ಹಾಕಿದ್ದಾರೆ. ಎರಡು ತಿಂಗಳು ಆಡುವಂತಿಲ್ಲ. ಆಗಸ್ಟ್ ಮೂರಕ್ಕೆ ಹಿರಿಯೂರಿನ ಜೊತೆ ಮೊದಲ ಮ್ಯಾಚು.

ಕಟ್ಟೆಯಲ್ಲಿ ಫೈನಲ್ ಮಾತು ನಿಂತಿದೆ. ಈಗ ನಡೆಯುವುದು ಕೋರ್ಟು.

“ಇದು ಹಿರಿಯೂರಿನೋರ ಕೈವಾಡ” ಅಂದ ಮುರುಗೇಶಪ್ಪ.

“ಮುಳ್ಳು ಟಿಕೆಟ್ ತಗಂಡು ಬಂತಾ?” ಅಂದರು ಅಲಿಯಣ್ಣ. ಅವರು ನಗುವ ಸ್ಥಿತಿಯಲ್ಲಿ ಇರಲಿಲ್ಲ.

“ಕುರಿ ಮೈಮ್ಯಾಗೆ ಬಂತು. ಯತ್ತಪ್ಪನ ಮಂದೆ ಬ್ಯಾಸಿಗೆ ಪೂರಾ ಎಲ್ಲಿತ್ತು? ಹಿರಿಯೂರಾಗೆ. ಏಪ್ರಿಲ್‌ನಾಗೆ ನಮ್ ಬಯಲಿನಾಗೆ ಹಿಕ್ಕೆ ಹೆಂಗೆ ಬಂತು? ಅವ್ನಿಗೆ ಏನೋ ತಿನ್ಸವ್ರೆ.”

ಹಿರಿಯೂರಿನ ಟೀಮು ಮೂರು ತಿಂಗಳ ಮೊದಲೇ ಕುರಿ ಕಳಿಸಿ ನಮ್ಮ ಗೋಲ್‌ಕೀಪರನ ಮಂಡಿ ಒಡೆಸಿತಂತೆ. ನಂಬಿದರು. ಸೋಲುವ ಮೊದಲೇ ಕಾರಣ ಸಿಕ್ಕಿದರೆ ಯಾರಿಗೆ ಬೇಡ?

ಹರೀಶ ಎದ್ದು ನಿಂತ. “ನಮ್ ತಾತ ಅಂತ ನೋಡ್ಬ್ಯಾಡ್ರಿ. ಆಯಪ್ಪನ ಕುರಿ ಇನ್ಮ್ಯಾಲೆ ನಮ್ಮೂರ ಕೆರೆಗೆ ಇಳೀಬಾರ್ದು.” ಎಲ್ಲರೂ ಹೂಂ ಅಂದರು. ನ್ಯಾಯವಾಗಿ ಮಾತಾಡಿದ ಎಂದು ಹೊಗಳಿದರು. ಕಮಿಟಿ ಅಲ್ಲೇ ಅವನನ್ನು ಕ್ಯಾಪ್ಟನ್ ಮಾಡಿತು.

ಊರಿಗೆಲ್ಲ ಬಾಯಿ ಮಾಡುವವಳು, ಕಲ್ಲಿನ ಮೇಲೆ ಕಲ್ಲಾಗಿ ಕೂತಿದ್ದೆ.

ಜುಲೈ 17, ಗುರುವಾರ

ಯತ್ತಪ್ಪ ಬಂದಿದ್ದ. ಒಳಗೆ ಬರಲಿಲ್ಲ, ಜಗಲಿಯಲ್ಲೇ ಕೂತ. ಕುರಿಗಳನ್ನು ಸುತ್ತುಹಾದಿಯಲ್ಲಿ ಹೊಡೆದುಕೊಂಡು ಹೋಗಿ ನೀರು ಕುಡಿಸುತ್ತಿದ್ದಾನೆ. ಗಬ್ಬದ ಕುರಿಯೊಂದು ದಾರಿಯಲ್ಲಿ ಕುಸಿದು ಸತ್ತಿತು.

“ನಾನ್ ಹೇಳ್ತೀನಿ ಕಣೋ” ಅಂದೆ.

“ಬ್ಯಾಡಕ್ಕ. ಬೈಸ್ಕಳಾದು ನಂಗೆ ಅಭ್ಯಾಸ ಐತೆ.”

ಮುದ್ದೆ ಉಂಡು ತಟ್ಟೆ ತೊಳೆದಿಟ್ಟು ಹೋದ. ಒಬ್ಬರಿಗಾದರೂ ಅವನು ಹೇಳಬಹುದಿತ್ತು, ಅಕ್ಕ ಹೇಳಿದಳು, ನಿಲ್ಲಿಸಿದೆ ಎಂದು. ಹೇಳಿಲ್ಲ.

ಜುಲೈ 20, ಭಾನುವಾರ

ಹೇಳಿದೆ. ಕಟ್ಟೆಯಲ್ಲಿ, ಎಲ್ಲರ ಮುಂದೆ. ಮಂದೆ ನಿಲ್ಲಿಸಿದ್ದು, ಹೂ ಕಂಡದ್ದು, ಸೊಪ್ಪು ಎಂದು ಸುಳ್ಳು ಹೇಳಿದ್ದು.

ಅಲಿಯಣ್ಣ ಕೇಳಿದರು. “ಜೂನ್‌ನಾಗೇ ಗೊತ್ತಿತ್ತಾ ಕೆಂಚಕ್ಕ?”

“ಗೊತ್ತಿತ್ತು.”

“ದಿನಾ ನನ್ ಜೊತೆ ಕುಂತು ಚಾ ಕುಡೀತಿದ್ದಿ. ಎಲ್ಲಾದಕ್ಕೂ ಬಾಯಿ ಐತಲ್ಲ ನಿಂಗೆ. ಇದಕ್ಕಿರ್ಲಿಲ್ವಾ?”

ಎದ್ದು ಕಟ್ಟೆಯ ಆ ತುದಿಗೆ ಹೋಗಿ ಕೂತರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.

ಹರೀಶನನ್ನು ಯಾರೂ ಬೈಯಲಿಲ್ಲ. ಬೈಯುವ ಮೊದಲೇ ಅವನಂದ — “ನಂಗೆ ಗೊತ್ತೇ ಇರ್ಲಿಲ್ಲ. ಅಜ್ಜಿ ಮನೆಯಾಗೂ ಹೇಳಿಲ್ಲ.” ಪಾಪ ಹುಡುಗ ಏನು ಮಾಡುತ್ತಾನೆ ಅಂದರು. ಕ್ಯಾಪ್ಟನ್ ಪಟ್ಟಿ ಅವನ ತೋಳಿನಲ್ಲೇ ಉಳಿಯಿತು. ಯತ್ತಪ್ಪನ ಕುರಿಗೆ ಕೆರೆ ಬಿಟ್ಟರು.

ಮಧ್ಯಾಹ್ನ ಹದಿನಾಲ್ಕು ಹುಡುಗರು ಬಯಲಿಗೆ ಇಳಿದರು. ಹೊತ್ತು ಮುಳುಗುವುದರೊಳಗೆ ಒಂದೂ ನೆಗ್ಗಿಲು ಉಳಿಯಲಿಲ್ಲ. ಅರ್ಧ ದಿನದ ಕೆಲಸ. ಒಂದು ಮಾತಿನ ಕೆಲಸ.

ಜುಲೈ 27, ಭಾನುವಾರ. ಮಧ್ಯಾಹ್ನ

ಹರೀಶ ಪ್ರಾಕ್ಟೀಸಿನಿಂದ ಬಂದು ಮಂಡಿಗೆ ನೋವಿನ ಮುಲಾಮು ಹಚ್ಚಿಕೊಳ್ಳುತ್ತಿದ್ದ. “ಬೆನ್ನಿಗೂ ಸ್ವಲ್ಪ ತಗೋ ಅಜ್ಜಿ” ಎಂದು ಡಬ್ಬಿ ಕೊಟ್ಟ. ಮೂಗಿನ ಹತ್ತಿರ ಹಿಡಿದೆ.

ಕರ್ಪೂರ.

ಅವನು ಹೊರಗೆ ಹೋದ ಮೇಲೆ ಪುಸ್ತಕ ತೆಗೆದೆ. ಏಪ್ರಿಲ್ ಹಾಳೆಯ ಮೂಲೆಯಲ್ಲಿ ಹೆಬ್ಬೆಟ್ಟಿನ ಜಿಡ್ಡು. ಜೂನ್ ಹನ್ನೊಂದರದ್ದರಲ್ಲಿ ಇದೆ. ಜೂನ್ ಇಪ್ಪತ್ತೊಂಬತ್ತರದ್ದರಲ್ಲೂ ಇದೆ — ಕೆರೆ ಕಡೆ ಪೋಸ್ಟು ಹಾಗೇ ಇದೆ ಎಂದು ಬರೆದ ಸಾಲಿನ ಮೇಲೆಯೇ.

ಹರೀಶ. ಇದನ್ನೂ ಓದುತ್ತೀ. ಓದು.

ನಾನು ಜಾವದಲ್ಲಿ ಬಗ್ಗಿ ಕೀಳುವಾಗ ನೀನು ಗೊತ್ತಿದ್ದೂ ಹೊದ್ದು ಮಲಗಿದ್ದೆ. ಇರಲಿ. ತಾತನ ಮೇಲೆ ಕೂಗುವಾಗಲೂ ನಿನಗೆ ಗೊತ್ತಿತ್ತು. ನನ್ನ ಮಾನ ಉಳಿಸಲು ನೀನು ಸುಮ್ಮನಿದ್ದೆ ಅಂದುಕೊಳ್ಳಲು ನೋಡಿದೆ. ಊಟಕ್ಕೆ ಕೂತಾಗಲೂ ಅದನ್ನೇ ನೋಡಿದೆ. ಆಗುತ್ತಿಲ್ಲ. ನನ್ನ ತಪ್ಪು ನನ್ನದು, ಅದನ್ನು ಹೊತ್ತಿದ್ದೇನೆ. ನಾನು ಕೇಳುವುದು ಒಂದೇ.

ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಅಂದೆ ನೀನು. ಅವತ್ತು ಮೋಡ ಇತ್ತು.

ಮೂರನೇ ತಾರೀಖು ನೀನು ಪಟ್ಟಿ ಕಟ್ಟಿಕೊಂಡು ಬಯಲಲ್ಲಿ ನಿಲ್ಲುತ್ತೀ. ಕೈಸರ್ ಮಂಡಿ ಚಾಚಿಕೊಂಡು ಕಟ್ಟೆಯ ಮೇಲೆ ಕೂತಿರುತ್ತಾನೆ. ನಾನು ನನ್ನ ಕಲ್ಲಿನ ಮೇಲೆ. ಏನು ಗೊತ್ತಿದ್ದು ಕೂರಬೇಕು ನಾನು?

ಪೆನ್ನು ಡ್ರಮ್ಮಿನಲ್ಲೇ ಇಟ್ಟಿದ್ದೇನೆ. ಕೆಳಗೆ ಜಾಗ ಬಿಟ್ಟಿದ್ದೇನೆ. ಆಗಸ್ಟ್ ಹುಟ್ಟುವುದರೊಳಗೆ ಉತ್ತರ ಬರಿ. ಸುಳ್ಳು ಬರೆದರೆ ಮೂರನೇ ತಾರೀಖು ಈ ಪುಸ್ತಕ ಕಟ್ಟೆಯ ಮೇಲೆ ಇರುತ್ತದೆ.