ಅಯಸ್ಕಾಂತದಿಂದ ಎರಡು ಮಾರು ದೂರ

ಅಂಗಡಿಯಿಂದ,
ಭಾನುವಾರ, ೧೪ನೇ ತಾರೀಖು

ಪ್ರೀತಿಯ ಅಕ್ಕಾ,

ನಮಸ್ಕಾರ. ನಿನ್ನ ಎರಡೂ ಪತ್ರಗಳು ಮೇಜಿನ ಮೇಲೆ ಕೂತು ನನ್ನನ್ನೇ ದಿಟ್ಟಿಸುತ್ತಿವೆ. ಉತ್ತರ ತಡವಾಯಿತು, ಎಷ್ಟು ಬೇಕೋ ಅಷ್ಟು ಬೈದುಕೋ. ಬಲಗೈ ಹೆಬ್ಬೆರಳಿಗೆ ಪೆಟ್ಟಾಗಿ ಪೆನ್ನು ಹಿಡಿಯಲಾಗುತ್ತಿರಲಿಲ್ಲ. ಉಗುರು ಕಪ್ಪಾಗಿದೆ, ಅಷ್ಟೆ. ಫೋನಿನಲ್ಲಿ ಹೇಳೋಣವೆಂದರೆ ಭಾವ ಪಕ್ಕದಲ್ಲೇ ಇರುತ್ತಾರೆ. ಫೋನು ಕಸಿದುಕೊಂಡು "ಗುಂಡುಕಲ್ಲಿನ ಹಾಗಿದೀನಿ ಕಣೇ, ನೀನು ಮಗು ನೋಡ್ಕೋ" ಅನ್ನುತ್ತಾರೆ. ಆಮೇಲೆ ನಾನೇನು ಹೇಳಲಿ?

ಬಾಣಂತಿ ಹೇಗಿದ್ದಾಳೆ? ಮಗುವಿನದು ಅಜ್ಜನ ಮೂಗೇ ಎಂದು ಬರೆದಿದ್ದೀಯೆ. ಪಾಪ, ಬೆಳೆಯುತ್ತಾ ಮುಖವೂ ಅದಕ್ಕೆ ತಕ್ಕ ಹಾಗೆ ದೊಡ್ಡದಾಗುತ್ತದೆ ಬಿಡು.

ಭಾವ ಚೆನ್ನಾಗಿದ್ದಾರೆ. ಮುಂದಿನದನ್ನು ನೀನು ಉಸಿರು ಬಿಗಿಹಿಡಿದು ಓದಬಾರದೆಂದು ಇದನ್ನು ಮೊದಲೇ ಬರೆಯುತ್ತಿದ್ದೇನೆ. ಪೇಸ್‌ಮೇಕರ್ ಕೂರಿಸಿದ ಎದೆಯ ಗಾಯ ಪೂರ್ತಿ ಮಾಗಿದೆ. ಮಗಳ ಬಾಣಂತನಕ್ಕೆ ಹೊರಟಾಗ ಬಸ್ಸಿನ ಕಿಟಕಿಯಿಂದ ನೀನು ಹೇಳಿದ್ದು ಮಾತ್ರ ನನ್ನ ಕಿವಿಯಿಂದ ಇಳಿದಿಲ್ಲ: "ಅಯಸ್ಕಾಂತದ ಹತ್ತಿರ ಸುಳಿಯೋಕೆ ಬಿಡ್ಬೇಡ. ಏನಾದ್ರೂ ಆದ್ರೆ ನಿನ್ನ ಮುಖ ನೋಡಲ್ಲ." ಈಗ ಎರಡನೆಯ ಪತ್ರದಲ್ಲಿ, ಅವರಿಗೆ ಅಂಗಡಿಯನ್ನೇ ಬಿಡಿಸಿಬಿಡಲೇ ಎಂದು ಕೇಳಿ, ನನ್ನ ಮಾತಿನ ಮೇಲೆ ತೀರ್ಮಾನ ಎಂದಿದ್ದೀಯೆ. ಉತ್ತರ ಕೊಡುವ ಮೊದಲು ನಡೆದದ್ದನ್ನೆಲ್ಲ ಹೇಳಬೇಕು.

ನಮ್ಮ ವಾದ್ಯ ರಿಪೇರಿ ಅಂಗಡಿಯಲ್ಲಿ ಮರದ ಕೆಲಸ ನನ್ನದು, ತಂತಿ ಮತ್ತು ಅಯಸ್ಕಾಂತದ ಕೆಲಸ ಅವರದು. ಹೋಟೆಲಿನಲ್ಲಿ ಗಿಟಾರ್ ನುಡಿಸುವ ಆಕೆ ಗೊತ್ತಲ್ಲ, ಜೋರಾಗಿ ನಗುವವಳು? ಆಕೆ ಗಿಟಾರಿಗೆ ಬಣ್ಣ ಹೊಡೆಸುವಾಗ ಅದರ ಎರಡು ಪಿಕಪ್ ಬಿಚ್ಚಿ, ಹಳೇ ಸ್ಪೀಕರಿನ ಅಯಸ್ಕಾಂತವಿದ್ದ ಡಬ್ಬಿಯಲ್ಲೇ ಹಾಕಿಟ್ಟಿದ್ದಳಂತೆ. ತಂತಿಯ ನಡುಕವನ್ನು ಹಿಡಿದು ಸ್ಪೀಕರಿಗೆ ದಾಟಿಸುವುದೇ ಪಿಕಪ್. ಅದರೊಳಗಿನ ಅಯಸ್ಕಾಂತದ ಸತ್ವ ಸೋರಿಹೋದರೆ ಗಿಟಾರು ಜ್ವರ ಬಂದವರ ಹಾಗೆ ಗೊಣಗುತ್ತದೆ. ಮೊದಲು ಇಂಥವನ್ನು ಸತ್ವ ತುಂಬಿಸಲು ರೇಡಿಯೊ ರಿಪೇರಿಯವರಿಗೆ ಕಳಿಸುತ್ತಿದ್ದೆವು. ಅವರು ಅಂಗಡಿ ಮುಚ್ಚಿದ್ದಾರೆ.

"ಚಾರ್ಜರ್ ನಾವೇ ಮಾಡೋಣ ಕಣೋ ಮರಕುಟಿಗ," ಎಂದರು ಭಾವ. ಆಸ್ಪತ್ರೆಯಿಂದ ಬಂದಮೇಲೆ ಅವರ ದನಿಯಲ್ಲಿ ಆ ಹುರುಪು ಕೇಳಿದ್ದು ಅದೇ ಮೊದಲು. ಒಪ್ಪಿಬಿಟ್ಟೆ.

ಚಾರ್ಜರ್ ಎಂದರೆ ದೊಡ್ಡದೇನಲ್ಲ. ಬೆಂಕಿಪೊಟ್ಟಣದಷ್ಟಿರುವ ಎರಡು ಭಾರಿ ಅಯಸ್ಕಾಂತಗಳನ್ನು ಸಾಮಾನು ಬಿಗಿಹಿಡಿಯುವ ಬೆಂಚ್ ವೈಸಿನ ಎರಡು ದವಡೆಗಳಿಗೆ, ಒಂದನ್ನೊಂದು ಸೆಳೆಯುವಂತೆ ಎದುರುಬದುರು ಕೂರಿಸಬೇಕು. ನಡುವೆ ಪಿಕಪ್ ತೂರುವಷ್ಟು ಸಂದು. ಆ ಸಂದಿನಲ್ಲಿ ಒಮ್ಮೆ ತೂರಿಸಿ ತೆಗೆದರೆ ಸತ್ವ ತುಂಬುತ್ತದೆ. ಆದರೆ ಈ ಅಯಸ್ಕಾಂತಗಳು ಸಾಕಿದ ನಾಯಿಯಲ್ಲ. ಮೇಜಿನ ಆ ತುದಿಯಲ್ಲಿದ್ದ ಸ್ಕ್ರೂಡ್ರೈವರ್ ತಾನಾಗಿ ಉರುಳಿ ಬಂದು ಅಂಟಿಕೊಂಡಾಗ ನನಗೆ ಜೀವ ಬಾಯಿಗೆ ಬಂತು.

ಅಯಸ್ಕಾಂತ ತೀರಾ ಹತ್ತಿರ ಬಂದರೆ ಪೇಸ್‌ಮೇಕರ್ ಲಯ ತಪ್ಪೀತು, ಒಂದು ತೋಳಿನ ದೂರವಿದ್ದರೆ ಸಾಕು ಎಂದಿದ್ದರು ಡಾಕ್ಟರು. ನಾನು ಎರಡು ಮಾರು ಅಳೆದು, ನೆಲದ ಮೇಲಿನ ಹಳೇ ವಾರ್ನಿಶ್ ಕಲೆಯ ಸರಿಮಧ್ಯಕ್ಕೆ ಬರುವಂತೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಭಾವನ ಸ್ಟೂಲು ಗೆರೆಯ ಆಚೆ.

"ಗಡಿ ಹಾಕ್ಬಿಟ್ಟೆಯಲ್ಲೋ! ಪಾಸ್‌ಪೋರ್ಟು ಯಾರಿಗೆ ತೋರಿಸ್ಬೇಕು?"

"ನನಗೇ. ಆದರೆ ನಿಮಗೆ ವೀಸಾ ಇಲ್ಲ ಭಾವ."

"ನಿಮ್ಮಕ್ಕ ನಿನ್ನ ಪೊಲೀಸ್ ಮಾಡಿ ಹೋಗಿದಾಳೆ ಅನ್ನು."

ಅಲ್ಲಿಂದಲೇ ಹೇಳುತ್ತಾ ಹೋದರು, ನಾನು ಮಾಡುತ್ತಾ ಹೋದೆ. ಅಯಸ್ಕಾಂತದ ಉತ್ತರದ ಮುಖಕ್ಕೆ ಕೆಂಪು ಬಣ್ಣದ ಬೊಟ್ಟು ಇಡಿಸಿದರು. ಪಿಕಪ್ಪಿನ ಯಾವ ಮುಖ ಯಾವ ಕಡೆಗಿರಬೇಕೆಂಬ ಲೆಕ್ಕ ನನಗೆ ಎಂದೂ ತಲೆಗೆ ಹತ್ತಿದ್ದಲ್ಲ. ಅವರು ಎಡ ಎಂದರೆ ಎಡ, ಬಲ ಎಂದರೆ ಬಲ. ಮೊದಲನೆಯ ಪಿಕಪ್ ತೂರಿಸಿ ತೆಗೆದು ದಿಕ್ಸೂಚಿಯ ಹತ್ತಿರ ಹಿಡಿದಾಗ ಮುಳ್ಳು ಸರಕ್ಕನೆ ತಿರುಗಿತು. ಭಾವ ಸ್ಟೂಲಿನ ಮೇಲೇ ಕುಣಿದುಬಿಟ್ಟರು. ಎದ್ದು ಬಂದೇಬಿಡುತ್ತಾರೆಂದು ನಾನು ಎರಡೂ ಕೈ ಅಡ್ಡ ಹಿಡಿದು ನಿಂತೆ.

ವೈಸಿನ ಒಂದು ದವಡೆ ಅಲುಗಾಡುತ್ತಿತ್ತು. ಅದನ್ನು ಸರಿಪಡಿಸಲು ಅಯಸ್ಕಾಂತಗಳನ್ನು ಬಿಚ್ಚಿದೆ. ಮತ್ತೆ ಕೂರಿಸುವಾಗ ನಡುವಿನ ಮರದ ಪಟ್ಟಿ ಜಾರಿತು. ಎರಡೂ ಗುಂಡು ಹಾರಿದಂತೆ ಢಿಕ್ಕಿ ಹೊಡೆದವು. ನಡುವೆ ನನ್ನ ಹೆಬ್ಬೆರಳಿತ್ತು. ನೋವಿಗಿಂತ ಮೊದಲು ನಾನು ಭಾವನ ಕಡೆ ತಿರುಗಿದೆ. ಅವರು ಎದ್ದು ನಿಂತು, ಎಡಭುಜದ ಕೆಳಗೆ ಅಂಗೈ ಒತ್ತಿಕೊಂಡಿದ್ದರು. ಮರುಕ್ಷಣ ನಕ್ಕರು. "ನನಗೇನಾಗಿಲ್ವೋ. ನಿನ್ನ ಬೆರಳು ನೋಡ್ಕೋ, ಮರಕುಟಿಗನ ಕೊಕ್ಕೇ ಮುರೀತು!"

ಅಂದಿನಿಂದ ನನಗೆ ನೆಮ್ಮದಿಯಿಲ್ಲ ಅಕ್ಕಾ. ಬೆನ್ನ ಹಿಂದೆ ಸ್ಟೂಲು ಕಿರುಗುಟ್ಟಿದರೂ ಉಳಿ ಕೆಳಗಿಡುತ್ತೇನೆ. ಮಕ್ಕಳನ್ನು ಬಾವಿಯ ಹತ್ತಿರ ಬಿಟ್ಟವರ ಹಾಗೆ ಕೆಲಸದ ನಡುವೆ ತಿರುಗಿ ತಿರುಗಿ ನೋಡುತ್ತೇನೆ. ಅವರೋ ತಮಾಷೆ ಬಿಟ್ಟಿಲ್ಲ. ಬೆಳಿಗ್ಗೆ ನನಗಿಂತ ಮೊದಲೇ ಬಂದು ಬಾಗಿಲು ತೆಗೆದು, ಮಾಸಿದ ಗೆರೆಯನ್ನು ತಾವೇ ತಿದ್ದುತ್ತಾರೆ. "ಗಡಿ ಕಾಯೋ ಕೆಲ್ಸಾನೂ ನನಗೇ ಬಿತ್ತು ನೋಡು, ಸಂಬಳ ಇಲ್ಲ." ಗಾಳಿ ಬರುತ್ತದೆಂದು ಈಗ ಬಾಗಿಲ ಕಡೆ ಕೂರುತ್ತಾರೆ. ಮಾತಾಡುವಾಗ ಇಬ್ಬರೂ ಕೂಗಬೇಕು. ದಾರಿಹೋಕರು ನಾವು ಜಗಳವಾಡುತ್ತಿದ್ದೇವೆಂದುಕೊಂಡಿರಬೇಕು.

ಬೆರಳು ಸ್ವಲ್ಪ ಮಣಿಯತೊಡಗಿದ ಮೇಲೆ ಎರಡನೆಯ ಪಿಕಪ್ ಕೈಗೆತ್ತಿಕೊಂಡೆ. ಹೇಗೆ ತೂರಿಸಲಿ ಎಂದು ಕೂಗಿದೆ. "ತಂತಿ ಕಡೆ ಮುಖ ಎಡಕ್ಕೆ!" ಎಂದರು. "ಬೊಟ್ಟು ನೋಡಿದ್ರಾ ಭಾವ?" "ನೋಡಿದೆ, ನೋಡಿದೆ, ತೂರಿಸು."

ಗಿಟಾರು ಜೋಡಿಸಿಕೊಟ್ಟೆವು. ಆಕೆ ಒಂದೊಂದೇ ಪಿಕಪ್ಪಿನಲ್ಲಿ ನುಡಿಸಿದಾಗ ಗಂಟೆಯ ಹಾಗಿತ್ತು. ಎರಡನ್ನೂ ಒಟ್ಟಿಗೆ ಹಾಕಿದೊಡನೆ ದನಿ ಸೊರಗಿ ತಗಡಾಯಿತು.

"ಅಣ್ಣಾ, ಒಬ್ಬೊಬ್ರೇ ಇದ್ದಾಗ ಎಷ್ಟು ಚೆಂದ ಹಾಡ್ತವೆ. ಒಟ್ಟಿಗೆ ಸೇರಿದ್ರೆ ನಮ್ಮ ಮನೆ ಥರಾನೇ, ಯಾರ ಮಾತೂ ಕೇಳಿಸಲ್ಲ!" ಎಂದು ನಕ್ಕಳು.

ದಿಕ್ಸೂಚಿ ಹಿಡಿದು ನೋಡಿದರೆ ಎರಡನೆಯದು ತಿರುಗುಮುರುಗಾಗಿತ್ತು, ಒಂದರ ದನಿಯನ್ನು ಇನ್ನೊಂದು ನುಂಗುತ್ತಿತ್ತು. ಅಯಸ್ಕಾಂತಗಳನ್ನು ಮತ್ತೆ ಕೂರಿಸುವಾಗ ನಾನು ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ, ಮುಖ ತಿರುಗಿಸಿ ಹಾಕಿದ್ದೆ. ಕೆಂಪು ಬೊಟ್ಟು ಎದುರಿನ ದವಡೆಗೆ ಹೋಗಿತ್ತು. ಭಾವ ಹಳೆಯ ಲೆಕ್ಕವನ್ನೇ ಹೇಳಿದ್ದರು. ಇಂಥ ತಪ್ಪನ್ನು ಅವರು ಮಾಡಿದ್ದು ನನಗೆ ನೆನಪಿಲ್ಲ. ತಿರುಗಿಸಿ ತೂರಿಸಿದೆ, ಚಿಟಿಕೆ ಹೊಡೆಯುವಷ್ಟರಲ್ಲಿ ಸರಿಹೋಯಿತು. ಈಗ ಎರಡೂ ಸೇರಿದರೆ ಕೋಣೆ ತುಂಬುವ ದನಿ. ಭಾವ ಮಾತ್ರ ಆ ಸಂಜೆ ಬೇಗನೆ ಸ್ಟೂಲಿನಿಂದ ಎದ್ದರು. "ವಯಸ್ಸಾಯ್ತು ಕಣೋ," ಎಂದಷ್ಟೇ ಹೇಳಿ ಹೊರಟರು.

ಈಗ ನಿನ್ನ ಪ್ರಶ್ನೆ. ಬಿಡಿಸಬೇಡ ಅಕ್ಕಾ. ಮನೆಯಲ್ಲಿ ಕೂರಿಸಿದರೆ ಗೋಡೆಯ ಸ್ವಿಚ್ಚುಗಳನ್ನೆಲ್ಲ ಬಿಚ್ಚಿಹಾಕುತ್ತಾರೆ. ಅವರ ಧೈರ್ಯಕ್ಕೆ ಏನೂ ಆಗಿಲ್ಲ, ಅಂಜುಬುರುಕ ನಾನೊಬ್ಬನೇ. ನನ್ನ ಭಯವೆಲ್ಲ ಒಂದೇ, ಯಾವತ್ತೋ ಮೈಮರೆತು ಗೆರೆ ದಾಟಿಬಿಟ್ಟಾರು ಎಂದು. ಕಾಯುತ್ತಿದ್ದೇನೆ. ನೀನು ನಿಶ್ಚಿಂತೆಯಿಂದಿರು.

ಮಗಳಿಗೆ ಚೆನ್ನಾಗಿ ನಿದ್ದೆ ಮಾಡಲು ಹೇಳು. ಕೂಸು ನೂರು ಕಾಲ ಬಾಳಲಿ, ಅಜ್ಜನ ಮೂಗಿನ ಜೊತೆ ಅಜ್ಜನ ಕಿವಿಯೂ ಬರಲಿ.

ನಿನ್ನ ತಮ್ಮ,
ಮರಕುಟಿಗ

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ಅಂಗಡಿ ಗುಡಿಸಿದೆ. ವಾರ್ನಿಶ್ ಕಲೆ ಸಿಕ್ಕಿತು, ಅದರ ಮೇಲೆ ಗೆರೆಯಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದ ಗುರುತಿತ್ತು. ಅದರಿಂದ ಎರಡು ಹೆಜ್ಜೆ ಬಾಗಿಲ ಕಡೆಗೆ ಒರೆಸಿದ ಇನ್ನೊಂದು ಗೆರೆ. ಅದರಾಚೆ ಮತ್ತೊಂದು. ಈಗಿನ ಗೆರೆ ಹೊಸ್ತಿಲಿಗೆ ಅಂಟಿಕೊಂಡೇ ಇದೆ. ದಿನವೂ ತಿದ್ದುತ್ತಿದ್ದವರು ಅವರೇ, ನಾನು ಮುಟ್ಟಿಲ್ಲ. ಅವರು ಈಚೆ ಬಂದಾರೆಂದು ನಾನು ಕಾಯುತ್ತಿದ್ದೆ, ಅವರು ದಿನಕ್ಕಿಷ್ಟು ಆಚೆ ಹೋಗುತ್ತಿದ್ದರು.

ಅವರ ಸ್ಟೂಲಿನ ಮೇಲೆ ಕೂತು ನೋಡಿದೆ. ಅಲ್ಲಿಂದ ವೈಸಿನ ಹಿಡಿಯೇ ಮಸುಕು, ಬೊಟ್ಟಿನ ಮಾತು ಹಾಗಿರಲಿ. ಕಾಣುತ್ತಿಲ್ಲ ಎಂದು ಅವರು ಹೇಳಲಿಲ್ಲ. ಹತ್ತಿರ ಬಂದು ನೋಡುತ್ತೇನೆ ಎಂದೂ ಹೇಳಲಿಲ್ಲ.

ಅಂಜುಬುರುಕ ನಾನೊಬ್ಬನೇ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕುತ್ತಿಲ್ಲ. ಆದರೆ ಸಾಧ್ಯವಾದಷ್ಟು ಬೇಗ ಬಾ. ಬಂದಾಗ ನಾನು ಹೇಳಿದೆನೆಂದು ಹೇಳಬೇಡ, ಪಕ್ಕದಲ್ಲಿ ಸುಮ್ಮನೆ ಕೂತುಕೋ. ನಾಳೆ ಕಿಟಕಿಯ ಧೂಳು ಬೀಳುತ್ತದೆ ಎಂದು ಸುಳ್ಳು ಹೇಳಿ ವೈಸನ್ನು ಹಿಂದಿನ ಗೋಡೆಗೆ ಸಾಗಿಸುತ್ತೇನೆ. ಆಗಲಾದರೂ ಅವರ ಸ್ಟೂಲು ಹೊಸ್ತಿಲು ಬಿಟ್ಟು ಒಳಗೆ ಬರಬಹುದು.